ಆ ಕೆಂಪು ಕಣಿವೆಗಳು ಖಾಲಿ ಜಾಗವಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಯೂಟಾ ರಾಜ್ಯದ ಕೆಂಪು ಕಲ್ಲಿನ ಕಣಿವೆಗಳ ಚಿತ್ರಪುಟ ಕಳೆದ ಸಂಚಿಕೆಯಲ್ಲಿ ಬಂದಿತ್ತು. ಪತ್ರಗಳು ತುಂಬಾ ಬಂದಿವೆ. ಬಣ್ಣ ಮೆಚ್ಚಿಕೊಂಡವರಿದ್ದಾರೆ, ಹೋಗೋದು ಹೇಗೆ ಅಂತ ಕೇಳಿದವರಿದ್ದಾರೆ. ಆದರೆ ಜಾಸ್ತಿ ಪತ್ರಗಳಲ್ಲಿ ಒಂದೇ ಮಾತು ಬೇರೆ ಬೇರೆ ರೂಪದಲ್ಲಿತ್ತು: ಯಾರೂ ಇಲ್ಲದ ಬರಡು ನೆಲವನ್ನು ಕಾಯೋಕೆ ಇಷ್ಟೊಂದು ಕಾನೂನು, ಇಷ್ಟೊಂದು ಜಗಳ ಯಾಕೆ? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಅಲ್ಲಿನ ಕಲ್ಲು ಅಷ್ಟು ಕೆಂಪಗಿರೋದು ಯಾಕೆ? ಒಂದು ಫೋಟೊದಲ್ಲಿ ಅದೇ ಗೋಡೆಯ ಮೇಲ್ಭಾಗ ಬೆಳ್ಳಗಿದೆ. ಅದು ಬೇರೆ ಕಲ್ಲಾ?

ಉತ್ತರ: ಕೆಂಪಿಗೆ ಕಾರಣ ಕಬ್ಬಿಣ. ಮರಳಿನ ಒಂದೊಂದು ಕಣದ ಮೇಲೂ ಕಬ್ಬಿಣದ ಆಕ್ಸೈಡ್ ತೆಳ್ಳಗೆ ಮೆತ್ತಿಕೊಂಡಿದೆ. ಇರೋದು ಸ್ವಲ್ಪವೇ, ಆದರೆ ಇಡೀ ಬೆಟ್ಟ ಕೆಂಪಾಗೋಕೆ ಅಷ್ಟು ಸಾಕು.

ನೀವು ಹೇಳಿದ ಫೋಟೊ ಝಯಾನ್ ಪಾರ್ಕಿನದು. ಕೆಂಪೂ ಬಿಳಿಯೂ ಎರಡೂ ಒಂದೇ ಕಲ್ಲು, ನವಾಹೊ ಮರಳುಗಲ್ಲು. ಸುಮಾರು 18-19 ಕೋಟಿ ವರ್ಷಗಳ ಹಿಂದೆ ಅಲ್ಲಿ ಭಾರೀ ಮರುಭೂಮಿ ಇತ್ತು, ಅದರ ಮರಳುದಿಬ್ಬಗಳೇ ಗಟ್ಟಿಯಾಗಿ ಕಲ್ಲಾದವು. ಗೋಡೆಯ ಮೇಲೆ ಓರೆಯಾಗಿ ಸಾಲು ಸಾಲು ಗೆರೆಗಳು ಕಾಣುತ್ತವಲ್ಲ, ಅವು ಅಂದಿನ ಗಾಳಿ ಮರಳು ತಂದು ಸುರಿದ ಗುರುತು. ಅಂದು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅಂತ ಭೂವಿಜ್ಞಾನಿಗಳು ಅದನ್ನು ನೋಡಿಯೇ ಹೇಳುತ್ತಾರೆ. ಆಮೇಲೆ ಕಲ್ಲಿನೊಳಗೆ ಹರಿದ ದ್ರವಗಳು ಕೆಲವು ಕಡೆ ಕಬ್ಬಿಣವನ್ನು ಕರಗಿಸಿಕೊಂಡು ಹೋದವು, ಅಲ್ಲಿ ಕಲ್ಲು ಬೆಳ್ಳಗಾಯಿತು. ಹಾಗೆ ಹೋದ ಕಬ್ಬಿಣ ಇನ್ನೆಲ್ಲೋ ಗುಂಡು ಗುಂಡಾಗಿ ಗಟ್ಟಿಯಾಯಿತು. ದಕ್ಷಿಣ ಯೂಟಾದ ಎಸ್ಕಲಾಂಟೆ ಸುತ್ತಮುತ್ತ ಈ ಕರಿ ಗುಂಡುಗಳು ನೆಲದ ಮೇಲೆ ಹರಡಿಕೊಂಡಿವೆ. ಸಂರಕ್ಷಿತ ಜಾಗದಲ್ಲಿ ಅವನ್ನು ಎತ್ತಿಕೊಂಡು ಬರುವ ಹಾಗಿಲ್ಲ.

ಪ್ರಶ್ನೆ: ಕಲ್ಲಿನ ಕಮಾನುಗಳನ್ನು ಯಾರಾದರೂ ಕೊರೆದದ್ದಾ? ಅವು ಬೀಳೋದಿಲ್ವಾ?

ಉತ್ತರ: ಯಾರೂ ಕೊರೆದಿಲ್ಲ. ಅದರ ಹಿಂದಿರೋದು ಉಪ್ಪು. ಸುಮಾರು 30 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರ ಮತ್ತೆ ಮತ್ತೆ ಒಣಗಿ ಸಾವಿರಾರು ಅಡಿ ದಪ್ಪದ ಉಪ್ಪಿನ ಪದರ ಉಳಿಯಿತು. ಮೇಲೆ ಕಲ್ಲಿನ ಭಾರ ಬಿದ್ದಾಗ ಉಪ್ಪು ಕೆಳಗೇ ನಿಧಾನವಾಗಿ ಜರುಗಿತು, ಕೆಲವು ಕಡೆ ಉಬ್ಬಿತು, ಮೇಲಿನ ಮರಳುಗಲ್ಲು ಉದ್ದುದ್ದಕ್ಕೆ ಬಿರುಕು ಬಿಟ್ಟಿತು. ಆ ಬಿರುಕುಗಳಲ್ಲಿ ಮಳೆನೀರು ಇಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲನ್ನು ಒಳಗಿಂದ ಸೀಳುತ್ತಾ ಹೋಗಿ ಕೊನೆಗೆ ತೆಳು ಗೋಡೆಗಳು ಉಳಿದವು, ಗೋಡೆಯಲ್ಲಿ ತೂತು ಬಿದ್ದರೆ ಕಮಾನು. ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ ಇಂಥವು 2000ಕ್ಕೂ ಜಾಸ್ತಿ ಇವೆ. ತೂತು ಕನಿಷ್ಠ 3 ಅಡಿ ಇದ್ದರೆ ಮಾತ್ರ ಲೆಕ್ಕಕ್ಕೆ.

ಬೀಳ್ತವೆ, ಖಂಡಿತ ಬೀಳ್ತವೆ. 1991ರಲ್ಲಿ ಲ್ಯಾಂಡ್‌ಸ್ಕೇಪ್ ಆರ್ಚ್‌ನ ಕೆಳಭಾಗದಿಂದ 60 ಅಡಿ ಉದ್ದದ ಚಪ್ಪಡಿ ಕಳಚಿ ಬಿತ್ತು. ಸುಮಾರು 90 ಮೀಟರ್ ಅಗಲದ ಕಮಾನು ಅದು, ನೋಡಿದರೆ ಹೇಗೆ ನಿಂತಿದೆಯೋ ಅನ್ನಿಸುವಷ್ಟು ತೆಳು. ಆಮೇಲೆ ಅದರ ಅಡಿಯ ದಾರಿ ಮುಚ್ಚಿದರು. 2008ರ ಆಗಸ್ಟ್‌ನಲ್ಲಿ ವಾಲ್ ಆರ್ಚ್ ರಾತ್ರೋರಾತ್ರಿ ಪೂರ್ತಿ ಕುಸಿಯಿತು. ಬೀಳೋದನ್ನು ತಡೆಯೋಕೆ ಸಿಮೆಂಟ್ ಹಾಕೋದಿಲ್ಲ, ಹಾಕಲೂಬಾರದು. ಕಾಯೋದು ಅಂದರೆ ಅಲ್ಲಿ ನಡೆಯುತ್ತಿರುವುದನ್ನು ಅದರ ಪಾಡಿಗೆ ನಡೆಯೋಕೆ ಬಿಡೋದು ಅಂತ ನನ್ನ ಭಾವನೆ.

ಪ್ರಶ್ನೆ: "ಮಣ್ಣಿನ ಮೇಲೆ ಕಾಲಿಡಬೇಡಿ" ಅಂತ ಎಲ್ಲ ಕಡೆ ಬೋರ್ಡ್ ಇದೆಯಂತೆ. ಮಣ್ಣನ್ನೂ ಕಾಯಬೇಕಾ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಖುಷಿಯಾಯಿತು, ಯಾಕೆಂದರೆ ಆ ನಾಡಿನ ಅರ್ಧ ಕಥೆ ಇರೋದು ಈ ಮಣ್ಣಿನಲ್ಲೇ.

ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನದ ಕಡೆ ಪೊದೆಗಳ ಮಧ್ಯೆ ಕೂತು ನೆಲವನ್ನು ಹತ್ತಿರದಿಂದ ನೋಡಬೇಕು. ಕಪ್ಪಗೆ, ಉಬ್ಬು ತಗ್ಗಾಗಿ, ಬೆರಳುದ್ದವೂ ಇಲ್ಲದ ಸಣ್ಣ ಸಣ್ಣ ಶಿಖರಗಳ ಸಾಲು ಕಾಣುತ್ತದೆ. ಅದು ಸತ್ತ ಮಣ್ಣಲ್ಲ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಎಲ್ಲ ಸೇರಿ ಕಟ್ಟಿದ ಜೀವಂತ ಪದರ. ಮಳೆ ಬಿದ್ದಾಗ ಈ ಬ್ಯಾಕ್ಟೀರಿಯಾದ ಎಳೆಗಳು ಮರಳಿನ ನಡುವೆ ತೆವಳುತ್ತವೆ, ಹೋದಲ್ಲೆಲ್ಲ ಅಂಟಾದ ಹೊದಿಕೆ ಬಿಟ್ಟು ಹೋಗುತ್ತವೆ. ನೆಲ ಒಣಗಿದ ಮೇಲೂ ಆ ಅಂಟು ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಗೆ ಮಣ್ಣು ಹಾರೋದಿಲ್ಲ, ನೀರು ಇಂಗುತ್ತದೆ, ಗಾಳಿಯಲ್ಲಿನ ಸಾರಜನಕ ಗೊಬ್ಬರವಾಗಿ ಗಿಡಕ್ಕೆ ಸಿಗುತ್ತದೆ. ಅಷ್ಟು ಕಡಿಮೆ ಮಳೆಯಲ್ಲೂ ಅಲ್ಲಿ ಪಿನ್ಯನ್ ಪೈನ್, ಜುನಿಪರ್ ಮರಗಳು ಬದುಕಿರೋದರ ಹಿಂದೆ ಈ ಪದರದ ಪಾಲು ದೊಡ್ಡದು.

ಒಂದು ಹೆಜ್ಜೆ ಇಟ್ಟರೆ ಅದು ಪುಡಿ. ಮತ್ತೆ ಕೂಡಿಕೊಳ್ಳೋಕೆ ಹತ್ತಾರು ವರ್ಷ ಬೇಕು. ಕಲ್ಲುಹೂವು, ಪಾಚಿ ಪೂರ್ತಿ ವಾಪಸ್ ಬರೋಕೆ ಇನ್ನೂ ಜಾಸ್ತಿ. ಜೀಪು ಹಾದುಹೋದ ಜಾಡು, ದನಗಳ ಹಿಂಡು ತುಳಿದ ಜಾಗ ತಲೆಮಾರು ಕಳೆದರೂ ಕಾಣುತ್ತದೆ.

ತೊಂದರೆ ಅಲ್ಲಿಗೇ ನಿಲ್ಲೋದಿಲ್ಲ. ಸಡಿಲವಾದ ಕೆಂಪು ಧೂಳು ಗಾಳಿಗೆ ಎದ್ದು ಪೂರ್ವದ ರಾಕಿ ಪರ್ವತಗಳ ಹಿಮದ ಮೇಲೆ ಕೂರುತ್ತದೆ. ಬಿಳಿ ಹಿಮಕ್ಕಿಂತ ಮಾಸಿದ ಹಿಮ ಬಿಸಿಲನ್ನು ಜಾಸ್ತಿ ಹೀರುತ್ತದೆ, ವಾರಗಟ್ಟಲೆ ಮುಂಚೆ ಕರಗುತ್ತದೆ, ಕೊಲರಾಡೊ ನದಿಗೆ ಬರಬೇಕಾದ ನೀರು ಕಡಿಮೆಯಾಗುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ನಷ್ಟ ಸರಾಸರಿ ಶೇಕಡಾ 5ರಷ್ಟು ಅಂತ ಲೆಕ್ಕ ಹಾಕಿತ್ತು. ಆ ನದಿಯನ್ನು ನಂಬಿಕೊಂಡವರು ಸುಮಾರು 4 ಕೋಟಿ ಜನ. ಈಗ ಹೇಳಿ, ಆ ಬೋರ್ಡ್ ಸುಮ್ನೆ ಹಾಕಿದ್ದಾ?

ಪ್ರಶ್ನೆ: ಅಲ್ಲಿ ನೀರೇ ಇಲ್ವಲ್ಲ, ಪ್ರಾಣಿಗಳು ಇವೆಯಾ?

ಉತ್ತರ: ಉದ್ದ ಕೊಂಬಿನ ಕಾಡುಕುರಿಗಳಿವೆ, ಕಾಗೆ ಜಾತಿಯ ದೊಡ್ಡ ರೇವನ್‌ಗಳಿವೆ, ಝಯಾನ್ ಕಡೆ ಕಾಂಡೋರ್ ರಣಹದ್ದುಗಳೂ ಹಾರಾಡುತ್ತವೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಬಂಡೆ ಮೇಲಿನ ಗುಂಡಿಗಳಲ್ಲಿ ಇರುವ ಪುಟ್ಟ ಸೀಗಡಿಗಳು. ಮಳೆ ಬಂದಾಗ ಗುಂಡಿ ತುಂಬುತ್ತದೆ, ಮೊಟ್ಟೆ ಒಡೆದು ಸೀಗಡಿ ಹೊರಬರುತ್ತದೆ, ನೀರು ಆರುವುದರೊಳಗೆ ಬೆಳೆದು ಮತ್ತೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳು ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತವೆ. ಒಣಗಿದ ಗುಂಡಿ ಅಂತ ಒಳಗೆ ಕಾಲಿಡಬೇಡಿ. ನೀರಿದ್ದರೆ ಕೈ ತೊಳೆಯಬೇಡಿ, ಸನ್‌ಸ್ಕ್ರೀನ್ ಹಚ್ಚಿದ ಬೆರಳು ಅದ್ದಿದರೂ ಅವುಗಳಿಗೆ ಕಷ್ಟ.

ಪ್ರಶ್ನೆ: ಹಾರ್ಸ್‌ಶೂ ಕಣಿವೆಯ ಗೋಡೆ ಮೇಲಿನ ಆಳೆತ್ತರದ ಚಿತ್ರಗಳು ಯಾವ ಕಾಲದವು? ಬಣ್ಣ ಇನ್ನೂ ಹೇಗೆ ಉಳಿದಿದೆ?

ಉತ್ತರ: ಅದಕ್ಕೆ ಗ್ರೇಟ್ ಗ್ಯಾಲರಿ ಅನ್ನುತ್ತಾರೆ. ಕೈಕಾಲು ಸರಿಯಾಗಿ ಇಲ್ಲದ, ಅಗಲ ಭುಜದ, ಉದ್ದ ಮೈಯ ಆಕೃತಿಗಳು ಸಾಲಾಗಿ ನಿಂತಿವೆ, ಕೆಲವು ಮನುಷ್ಯರಿಗಿಂತ ಎತ್ತರ. ಬಣ್ಣ ಅದೇ ಕಬ್ಬಿಣದ ಕೆಂಪು ಮಣ್ಣಿನದು. ಖನಿಜದ ಬಣ್ಣ, ಮೇಲೆ ಮಳೆ ಬೀಳದ ಹಾಗೆ ಚಾಚಿದ ಬಂಡೆ, ಅದಕ್ಕೇ ಉಳಿದಿದೆ. ಎಷ್ಟು ಹಳೆಯದು ಅನ್ನೋದು ಬಹಳ ಕಾಲದ ವಾದ. ಚಿತ್ರ ಬರೆದ ಗೋಡೆಯಿಂದ ಕಳಚಿ ಬಿದ್ದ ಕಲ್ಲಿನ ಅಡಿಯ ಮರಳು ಕೊನೆಯ ಸಲ ಯಾವಾಗ ಬೆಳಕು ಕಂಡಿತ್ತು ಅಂತ ಅಳೆದು, ಯೂಟಾ ಸ್ಟೇಟ್ ಯೂನಿವರ್ಸಿಟಿಯ ತಂಡ 2014ರಲ್ಲಿ ಒಂದು ಉತ್ತರ ಕೊಟ್ಟಿತು: ಕ್ರಿಸ್ತಶಕ 1ರಿಂದ 1100ರ ನಡುವಿನದು. ಅದಕ್ಕೂ ಮುಂಚೆ ಇನ್ನೂ ತುಂಬಾ ಹಳೆಯದು ಅಂತ ನಂಬಿದವರು ಜಾಸ್ತಿ ಇದ್ದರು.

ಇನ್ನೊಂದು ಬಗೆ ಕುಟ್ಟಿ ತೆಗೆದ ಚಿತ್ರ. ಬಂಡೆಯ ಮೇಲೆ ಮ್ಯಾಂಗನೀಸ್, ಕಬ್ಬಿಣ ಸೇರಿದ ಕರಿ ಲೇಪ ಸಾವಿರಾರು ವರ್ಷಗಳಲ್ಲಿ ತಾನಾಗಿ ಕೂರುತ್ತದೆ. ಅದನ್ನು ಕಲ್ಲಿನಿಂದ ಕುಟ್ಟಿದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಇಂಡಿಯನ್ ಕ್ರೀಕ್ ಹತ್ತಿರದ ನ್ಯೂಸ್‌ಪೇಪರ್ ರಾಕ್ ಮೇಲೆ ಇಂಥವು ನೂರಾರು, ಬೇರೆ ಬೇರೆ ಕಾಲದ ಜನ ಒಂದೇ ಬಂಡೆ ಮೇಲೆ ಕುಟ್ಟಿದ್ದಾರೆ. ಕುದುರೆ ಸವಾರರ ಚಿತ್ರ ಕಂಡರೆ ಅದು ಸ್ಪೇನಿನವರು ಕುದುರೆ ತಂದ ಮೇಲಿನದು ಅಂತ ಗೊತ್ತಾಗುತ್ತದೆ.

ಮುಟ್ಟಬೇಡಿ. ಬೆರಳಿನ ಎಣ್ಣೆ ಸಾಕು ಹಾಳಾಗೋಕೆ. 2021ರಲ್ಲಿ ಯೂಟಾದ ಮೋಯಾಬ್ ಊರಿನ ಹತ್ತಿರ ಹೆರಿಗೆಯ ಚಿತ್ರವಿರುವ ಬಂಡೆಯ ಮೇಲೆ ಯಾರೋ ಜನಾಂಗ ದ್ವೇಷದ ಮಾತುಗಳನ್ನು ಗೀಚಿಬಿಟ್ಟರು. ಆ ಸುದ್ದಿ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಬಂಡೆ ಸಂದಿನಲ್ಲಿ ಮನೆ ಕಟ್ಟಿದ್ದ ಜನ ಒಂದು ದಿನ ಇದ್ದಕ್ಕಿದ್ದಂತೆ ಮಾಯವಾದರು ಅಂತ ವಿಡಿಯೊಗಳಲ್ಲಿ ಹೇಳ್ತಾರೆ. ನಿಜವಾ?

ಉತ್ತರ: ಇಲ್ಲ. ಈ "ಮಾಯ"ದ ಕಥೆ ನಿಲ್ಲಬೇಕು, ಅದರಿಂದ ಬದುಕಿರುವ ಜನಕ್ಕೆ ಅನ್ಯಾಯ ಆಗ್ತಿದೆ.

ಅವರು ಇವತ್ತಿನ ಪ್ಯೂಬ್ಲೊ ಅನ್ನುವ ಮೂಲನಿವಾಸಿ ಜನರ ಹಿರೀಕರು. ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆದರು. ಮೆಕ್ಕೆಜೋಳವನ್ನು ಇಲಿ, ಮಳೆ ಎರಡರಿಂದಲೂ ಕಾಪಾಡೋಕೆ ಕೈಗೆಟುಕದ ಬಂಡೆ ಸಂದುಗಳಲ್ಲಿ ಕಣಜ ಕಟ್ಟಿದರು. ಸೀಡರ್ ಮೇಸಾ ಕಡೆ ಅಂಥ ಕಣಜಗಳು ಇವತ್ತಿಗೂ ನಿಂತಿವೆ. ಕಲ್ಲುಗಳ ನಡುವೆ ಮೆತ್ತಿದ ಮಣ್ಣಿನಲ್ಲಿ ಮೆತ್ತಿದವರ ಬೆರಳ ಗುರುತು ಹಾಗೇ ಇದೆ, ಕೆಲವು ಪುಟ್ಟ ಬೆರಳುಗಳು. ಕೆಳಗೆ ಧೂಳಿನಲ್ಲಿ ಹೆಬ್ಬೆರಳಷ್ಟು ಉದ್ದದ ಮೆಕ್ಕೆಜೋಳದ ತೆನೆದಿಂಡುಗಳು ಬಿದ್ದಿರುತ್ತವೆ, ಕಾಳು ತಿಂದು ಎಸೆದದ್ದು.

1200ರ ದಶಕದ ಕೊನೆಗೆ ಕಷ್ಟ ಬಂತು. ಮರದ ಉಂಗುರಗಳನ್ನು ಓದಿದವರು 1276ರಿಂದ 1299ರವರೆಗೆ ಭೀಕರ ಬರ ಇತ್ತು ಅನ್ನುತ್ತಾರೆ. ಬರದ ಜೊತೆಗೆ ಜನದಟ್ಟಣೆ, ಜಗಳ ಎಲ್ಲ ಸೇರಿಕೊಂಡಿತು. ಜನ ಗುಳೆ ಎದ್ದು ದಕ್ಷಿಣಕ್ಕೆ, ಆಗ್ನೇಯಕ್ಕೆ ಹೋದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ಅರಿಜೋನಾದ ಹೋಪಿ ಹಳ್ಳಿಗಳಲ್ಲಿ, ನ್ಯೂ ಮೆಕ್ಸಿಕೊದ ಝೂನಿಯಲ್ಲಿ, ರಿಯೊ ಗ್ರಾಂಡೆ ನದಿ ದಂಡೆಯ ಪ್ಯೂಬ್ಲೊ ಊರುಗಳಲ್ಲಿ ಇದ್ದಾರೆ. ಆ ಹಳೆ ಮನೆಗಳನ್ನು ಹೋಪಿ ಜನ ಹಾಳೂರು ಅನ್ನೋದಿಲ್ಲ, ಹಿರಿಯರು ಬಿಟ್ಟು ಹೋದ ಹೆಜ್ಜೆಗುರುತು ಅನ್ನುತ್ತಾರೆ. ಯೂಟ್, ಪಾಯೂಟ್, ನವಾಹೊ ಜನರಿಗೂ ಅದು ತಮ್ಮ ನೆಲ. ನವಾಹೊ ನಾಯಕ ಮಾನುಯೆಲಿಟೊ 1818ರಲ್ಲಿ ಹುಟ್ಟಿದ್ದು ಬೇರ್ಸ್ ಇಯರ್ಸ್ ಬೆಟ್ಟಗಳ ಹತ್ತಿರ. 1864ರಲ್ಲಿ ಸೈನ್ಯ ನವಾಹೊಗಳನ್ನು ಊರು ಬಿಡಿಸಿ ನೂರಾರು ಮೈಲಿ ನಡೆಸಿದಾಗ ಕೆಲವು ಕುಟುಂಬಗಳು ಇದೇ ಕಣಿವೆಗಳಲ್ಲಿ ಅಡಗಿ ಉಳಿದುಕೊಂಡವು.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಆ ಕಡೆ ಒಂದು ಪುಟ್ಟ ಕಾಡು ಆಲೂಗಡ್ಡೆ ಬೆಳೆಯುತ್ತದೆ. ಎಸ್ಕಲಾಂಟೆ ಹತ್ತಿರ ಸಿಕ್ಕ ಬೀಸುವ ಕಲ್ಲುಗಳ ಸಂದಿಯಲ್ಲಿ ಅದರ ಪಿಷ್ಟದ ಕಣಗಳು ಸಿಕ್ಕಿವೆ, ಹತ್ತು ಸಾವಿರ ವರ್ಷಕ್ಕೂ ಹಿಂದಿನವು. ಈ ಗಿಡ ಇವತ್ತಿಗೂ ಹಳೆ ಊರುಗಳ ಆಸುಪಾಸಿನಲ್ಲೇ ಜಾಸ್ತಿ ಸಿಗುತ್ತದೆ. ಅಂದರೆ ಯಾರೋ ತಂದು ನೆಟ್ಟಿದ್ದಾರೆ! ಕಾಡು ಅಂದುಕೊಂಡ ಜಾಗ ಒಬ್ಬರ ಹಿತ್ತಲು.

ಪ್ರಶ್ನೆ: ಬೇರ್ಸ್ ಇಯರ್ಸ್ ವಿಷಯದಲ್ಲಿ ಒಬ್ಬ ಅಧ್ಯಕ್ಷ ಕೊಟ್ಟ, ಇನ್ನೊಬ್ಬ ಕಿತ್ತುಕೊಂಡ, ಮತ್ತೊಬ್ಬ ವಾಪಸ್ ಕೊಟ್ಟ ಅಂತ ಓದಿದೆ. ಹೀಗೆ ಮಾಡೋಕೆ ಆಗುತ್ತಾ? ರಾಷ್ಟ್ರೀಯ ಉದ್ಯಾನಕ್ಕೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ರಾಷ್ಟ್ರೀಯ ಉದ್ಯಾನ ಮಾಡೋಕೆ ಸಂಸತ್ತು ಕಾನೂನು ಮಾಡಬೇಕು. ಕ್ಯಾನ್ಯನ್‌ಲ್ಯಾಂಡ್ಸ್ ಹಾಗೆ ಆದದ್ದು, 1964ರ ಸೆಪ್ಟೆಂಬರ್ 12ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಆರ್ಚಸ್ ನೋಡಿಕೊಳ್ಳುತ್ತಿದ್ದ ಬೇಟ್ಸ್ ವಿಲ್ಸನ್ ಅನ್ನುವ ಅಧಿಕಾರಿ ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದರು, ದೊಡ್ಡವರನ್ನೆಲ್ಲ ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಕಣಿವೆ ತೋರಿಸುತ್ತಿದ್ದರು.

ಬೇರ್ಸ್ ಇಯರ್ಸ್ ರಾಷ್ಟ್ರೀಯ ಸ್ಮಾರಕ, ಅಂದರೆ ಕಟ್ಟಡ ಅಲ್ಲ, ಕಾನೂನು ಕಾಯುವ ನೆಲ. ಅದರ ದಾರಿ ಬೇರೆ. 1906ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ಅಧ್ಯಕ್ಷರೊಬ್ಬರೇ ಘೋಷಣೆ ಮಾಡಬಹುದು. ಆ ಕಾಯ್ದೆ ಬಂದದ್ದೇ ಲೂಟಿ ತಡೆಯೋಕೆ. ಪಕ್ಕದ ಕೊಲರಾಡೊ ರಾಜ್ಯದ ಮೇಸಾ ವರ್ಡೆಯಿಂದ 1891ರಲ್ಲಿ ಅಗೆದು ಸಾಗಿಸಿದ ವಸ್ತುಗಳು ಫಿನ್ಲೆಂಡಿನ ಮ್ಯೂಸಿಯಂ ಸೇರಿದ್ದವು, ಮನುಷ್ಯರ ಅಸ್ಥಿಯೂ ಸೇರಿ. 20 ಜನರ ಅವಶೇಷ ವಾಪಸ್ ಬಂದು ಮಣ್ಣಾದದ್ದು 2020ರಲ್ಲಿ.

ಬೇರ್ಸ್ ಇಯರ್ಸ್ ಕಥೆ ಯಾಕೆ ಮುಖ್ಯ ಅಂದರೆ, ಅದನ್ನು ಕೇಳಿದ್ದು ಆ ನೆಲದ ಜನರೇ. ಹೋಪಿ, ನವಾಹೊ, ಝೂನಿ ಮತ್ತು ಎರಡು ಯೂಟ್ ಬುಡಕಟ್ಟುಗಳು, ಒಟ್ಟು ಐದು, 2015ರಲ್ಲಿ ಒಕ್ಕೂಟ ಮಾಡಿಕೊಂಡವು. ಈ ಬುಡಕಟ್ಟುಗಳ ನಡುವೆ ಹಳೆಯ ಮನಸ್ತಾಪಗಳಿದ್ದವು, ಅದನ್ನೆಲ್ಲ ಬದಿಗಿಟ್ಟು ಒಂದೇ ಮನವಿ ಬರೆದರು. 2016ರ ಡಿಸೆಂಬರ್ 28ರಂದು ಒಬಾಮ 13.5 ಲಕ್ಷ ಎಕರೆಯನ್ನು ಸ್ಮಾರಕ ಅಂತ ಘೋಷಿಸಿದರು. ಅಲ್ಲಿ ಲಕ್ಷಕ್ಕೂ ಹೆಚ್ಚು ಪುರಾತನ ನೆಲೆಗಳಿವೆ ಅನ್ನೋದು ಅಂದಾಜು. ಒಂದು ವರ್ಷ ತುಂಬುವುದರೊಳಗೆ, 2017ರ ಡಿಸೆಂಬರ್ 4ರಂದು, ಟ್ರಂಪ್ ಅದರಲ್ಲಿ ಶೇಕಡಾ 85ರಷ್ಟನ್ನು ಕಡಿದರು. 1996ರಲ್ಲಿ ಕ್ಲಿಂಟನ್ ಘೋಷಿಸಿದ್ದ ಗ್ರ್ಯಾಂಡ್ ಸ್ಟೇರ್‌ಕೇಸ್-ಎಸ್ಕಲಾಂಟೆ ಸ್ಮಾರಕವನ್ನೂ ಅವತ್ತೇ ಹತ್ತಿರ ಹತ್ತಿರ ಅರ್ಧ ಮಾಡಿದರು. 2021ರ ಅಕ್ಟೋಬರ್ 8ರಂದು ಬೈಡನ್ ಎರಡನ್ನೂ ಮೊದಲಿನಂತೆ ಮಾಡಿದರು.

ಅಧ್ಯಕ್ಷರಿಗೆ ಘೋಷಿಸುವ ಅಧಿಕಾರ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಹಿಂದಿನವರದ್ದನ್ನು ಕಡಿಯುವ ಅಧಿಕಾರ ಇದೆಯಾ ಅನ್ನೋದೇ ವಕೀಲರ ಜಗಳ. ನನ್ನ ಕಣ್ಣಿಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 2022ರ ಜೂನ್‌ನಲ್ಲಿ ಆದ ಒಪ್ಪಂದ. ಐದೂ ಬುಡಕಟ್ಟುಗಳು ಮತ್ತು ಕೇಂದ್ರದ ಇಲಾಖೆಗಳು ಸೇರಿ ಆ ನೆಲವನ್ನು ನೋಡಿಕೊಳ್ಳುವುದು ಅಂತ ಸಹಿ ಆಯಿತು. ಯಾರ ಅಜ್ಜಂದಿರನ್ನು ಅಲ್ಲಿಂದ ಓಡಿಸಿದ್ದರೋ ಅವರ ಮಕ್ಕಳೇ ಈಗ ಮೇಜಿನ ಮುಂದೆ ಕೂತು ಯಾವ ದಾರಿ ತೆರೀಬೇಕು, ಯಾವುದು ಮುಚ್ಚಬೇಕು ಅಂತ ಮಾತಾಡ್ತಾರೆ. ಇದು ನೂರು ವರ್ಷ ಮುಂಚೆ ಆಗಬೇಕಿತ್ತು.

ಪ್ರಶ್ನೆ: ಅಲ್ಲಿನ ಸ್ಥಳೀಯರಿಗೂ ಕೆಲಸ ಬೇಕಲ್ವಾ? ಗಣಿ, ದನ ಎಲ್ಲ ನಿಲ್ಲಿಸಿದರೆ ಹೊಟ್ಟೆಗೆ ಏನು ಮಾಡೋದು?

ಉತ್ತರ: ನ್ಯಾಯವಾದ ಪ್ರಶ್ನೆ. ಆ ಕಡೆಯ ಸಣ್ಣ ಊರುಗಳ ಸಿಟ್ಟನ್ನು ತಳ್ಳಿಹಾಕಬಾರದು. ದೂರದ ವಾಷಿಂಗ್ಟನ್‌ನಲ್ಲಿ ಒಂದು ಸಹಿ ಬಿದ್ದು ನಿಮ್ಮ ಹಿತ್ತಲಿನ ನಿಯಮ ಬದಲಾದರೆ ನಿಮಗೂ ಸಿಟ್ಟು ಬರುತ್ತೆ. ಆದರೆ ಸ್ಮಾರಕ ಆದ ತಕ್ಷಣ ಎಲ್ಲ ನಿಲ್ಲೋದಿಲ್ಲ. ಬೇರ್ಸ್ ಇಯರ್ಸ್‌ನಲ್ಲಿ ಮೊದಲಿನಿಂದ ಪರವಾನಗಿ ಇದ್ದವರ ದನ ಮೇಯುತ್ತವೆ, ಸೌದೆ ತರಬಹುದು, ಪಿನ್ಯನ್ ಬೀಜ ಆರಿಸಬಹುದು, ಬೇಟೆಗೂ ಅವಕಾಶ ಇದೆ. ಹೊಸ ಗಣಿ ಗುತ್ತಿಗೆಗೆ ಮಾತ್ರ ಬಾಗಿಲು ಮುಚ್ಚುತ್ತದೆ.

ಗಣಿ ಕೊಟ್ಟದ್ದನ್ನೂ ನೋಡಬೇಕು. 1950ರ ದಶಕದಲ್ಲಿ ಮೋಯಾಬ್ ಯುರೇನಿಯಂನಿಂದ ಶ್ರೀಮಂತವಾಯಿತು. ಉಳಿದದ್ದು ಕೊಲರಾಡೊ ನದಿ ದಂಡೆಯಲ್ಲಿ 1.6 ಕೋಟಿ ಟನ್ ವಿಕಿರಣಯುಕ್ತ ತ್ಯಾಜ್ಯ. 2009ರಿಂದ ಅದನ್ನು ರೈಲಿನಲ್ಲಿ ಬೇರೆ ಕಡೆ ಸಾಗಿಸುವ ಕೆಲಸ ಶುರುವಾಯಿತು, ಖರ್ಚು ಸರ್ಕಾರದ್ದು. ನವಾಹೊ ನೆಲದಲ್ಲಿ ಬಿಟ್ಟುಹೋದ ಯುರೇನಿಯಂ ಗಣಿಗಳು 500ಕ್ಕೂ ಜಾಸ್ತಿ. ಗಾಳಿಯಾಡದ ಸುರಂಗದಲ್ಲಿ ದುಡಿದ ನವಾಹೊ ಗಂಡಸರು ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತರು, ಪರಿಹಾರದ ಕಾನೂನು ಬಂದದ್ದು 1990ರಲ್ಲಿ. ಕೆಲಸ ಅನ್ನುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಬೇಕು.

ಪ್ರಶ್ನೆ: ನನ್ನ ಮಗಳಿಗೆ ಡೈನೊಸಾರ್ ಹುಚ್ಚು. ಅಲ್ಲಿ ಸಿಕ್ಕಿದೆಯಾ?

ಉತ್ತರ: ಸಿಕ್ಕಿದೆ ಅಂತ ಹೇಳಿ! ಗ್ರ್ಯಾಂಡ್ ಸ್ಟೇರ್‌ಕೇಸ್-ಎಸ್ಕಲಾಂಟೆಯಲ್ಲಿ ಕಾಸ್ಮೊಸೆರಾಟಾಪ್ಸ್ ಅನ್ನೋದು ಸಿಕ್ಕಿ 2010ರಲ್ಲಿ ಹೆಸರು ಪಡೆಯಿತು. ತಲೆ ಮೇಲೆ 15 ಕೊಂಬು, ಕೊಂಬಿನಂಥ ಮುಳ್ಳುಗಳೂ ಸೇರಿ. ಸುಮಾರು 7.6 ಕೋಟಿ ವರ್ಷ ಹಳೆಯದು. ಅದು ಸಿಕ್ಕ ಕೈಪರೊವಿಟ್ಸ್ ಪ್ರಸ್ಥಭೂಮಿಯಲ್ಲಿ ಕಲ್ಲಿದ್ದಲು ಗಣಿ ಮಾಡುವ ಯೋಜನೆ 1990ರ ದಶಕದಲ್ಲಿ ಇತ್ತು.

ಪ್ರಶ್ನೆ: ಮುಂದಿನ ವರ್ಷ ಅಮೆರಿಕದಲ್ಲಿರುವ ತಮ್ಮನ ಜೊತೆ ಹೋಗ್ತಿದ್ದೇವೆ. ಯಾವ ತಿಂಗಳು? ಏನು ಎಚ್ಚರ?

ಉತ್ತರ: ಏಪ್ರಿಲ್-ಮೇ ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ಇರಲಿ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಇಕ್ಕಟ್ಟು ಕಣಿವೆಗಳಿಗೆ ಇಳಿಯುವ ಮುಂಚೆ ಹವಾಮಾನ ವರದಿ ನೋಡಲೇಬೇಕು. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇದ್ದರೂ ಮೈಲಿಗಟ್ಟಲೆ ಆಚೆ ಬಿದ್ದ ಮಳೆ ನಿಮ್ಮ ಮೇಲೆ ನುಗ್ಗಬಹುದು. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಿಲೋಪ್ ಕಣಿವೆಯಲ್ಲಿ 11 ಪ್ರವಾಸಿಗರು ಸತ್ತದ್ದು ಹೀಗೇ. ಈಗ ಅಲ್ಲಿಗೆ ನವಾಹೊ ಮಾರ್ಗದರ್ಶಕರಿಲ್ಲದೆ ಬಿಡೋದಿಲ್ಲ.

ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ 2014ರಿಂದ ನಿಷಿದ್ಧ. ಮಾನ್ಯುಮೆಂಟ್ ವ್ಯಾಲಿ ಕೇಂದ್ರ ಸರ್ಕಾರದ್ದಲ್ಲ, 1958ರಿಂದ ನವಾಹೊ ಜನರ ಸ್ವಂತ ಪಾರ್ಕ್, ಅಲ್ಲಿ ಅವರ ನಿಯಮವೇ ನಡೆಯೋದು. ಜನ ಅಲ್ಲಿ ಇವತ್ತಿಗೂ ಮನೆ ಮಾಡಿಕೊಂಡಿದ್ದಾರೆ, ಕೇಳದೆ ಅವರ ಫೋಟೊ ತೆಗೆಯಬೇಡಿ. ಒಡೆದ ಮಡಕೆ ಚೂರು ಕಂಡರೆ ನೋಡಿ, ಇದ್ದಲ್ಲೇ ಬಿಡಿ. ಚಂದ ಕಾಣಲಿ ಅಂತ ಒಂದು ಕಲ್ಲಿನ ಮೇಲೆ ಗುಡ್ಡೆ ಹಾಕಿದರೂ ಅವು ಎಲ್ಲಿಂದ ಬಂದವು ಅನ್ನೋ ಮಾಹಿತಿ ಹೋಯಿತು. ಒಂದು ರಾತ್ರಿ ನ್ಯಾಚುರಲ್ ಬ್ರಿಜಸ್‌ನಲ್ಲಿ ಉಳಿಯೋಕೆ ಆದರೆ ಉಳಿಯಿರಿ, ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕತ್ತಲಾಕಾಶ ಉದ್ಯಾನ ಅದು, 2007ರಿಂದ.

ಬ್ಲ್ಯಾಂಡಿಂಗ್ ಊರಿನ ಎಡ್ಜ್ ಆಫ್ ದಿ ಸೀಡರ್ಸ್ ಮ್ಯೂಸಿಯಂ ತಪ್ಪಿಸಬೇಡಿ. ಅಲ್ಲಿ ಕೆಂಪು ಮಕಾವ್ ಗಿಣಿಯ ಗರಿಗಳನ್ನು ಪೋಣಿಸಿದ ಒಂದು ಪಟ್ಟಿ ಇದೆ, ಸುಮಾರು 1150ರದು. ಆ ಗಿಣಿ ಇರೋದು ದೂರದ ಮೆಕ್ಸಿಕೊದ ಬಿಸಿ ಕಾಡುಗಳಲ್ಲಿ. ಅಲ್ಲಿಂದ ಇಲ್ಲಿವರೆಗೆ ವ್ಯಾಪಾರ ನಡೆಯುತ್ತಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಮ್ಯೂಸಿಯಂ ಹಿಂದೆ ಹಳೆ ಊರಿನ ಗೋಡೆಗಳಿವೆ, ಏಣಿ ಇಳಿದು ನೆಲದೊಳಗಿನ ಪೂಜೆಯ ಕೋಣೆ ನೋಡಬಹುದು. ಅರ್ಧ ದಿನ ಇಟ್ಟುಕೊಳ್ಳಿ, ಮಕ್ಕಳಿದ್ದರೆ ಇನ್ನೂ ಸ್ವಲ್ಪ ಜಾಸ್ತಿ.